ಭತ್ತ ತುಂಬಿದೆ, ಅಂಕ ಸೊನ್ನೆ

ನಮ್ಮ ಅಡುಗೆಮನೆಯಲ್ಲಿ ಸೌಟುಗಳನ್ನು ನಿಲ್ಲಿಸಿಡುವ ಸ್ಟೀಲಿನ ಡಬ್ಬಿಯೊಂದಿದೆ. ಅದರಲ್ಲಿ ಮೂರು ಸೌಟು, ಒಂದು ಕಡಗೋಲು, ಒಂದು ಹಿಡಿ ಮುರಿದ ಚಮಚ, ಇವುಗಳ ನಡುವೆ ಒಂದು ಕೆಂಪು ಪೆನ್ನು ನಿಂತಿದೆ. ನಿಂತು ಒಂದು ವರ್ಷವಾಯಿತು. ಬಂದವರ ಕಣ್ಣಿಗೆಲ್ಲ ಮೊದಲು ಬೀಳುವುದು ಅದೇ. ನನ್ನ ಓರಗಿತ್ತಿಯಂತೂ, "ಇದೇನಕ್ಕ, ಒಗ್ಗರಣೆಗೆ ಮಾರ್ಕ್ಸ್ ಹಾಕ್ತೀಯೇನು?" ಎಂದು ಕೇಳಿದಳು. ನಕ್ಕುಬಿಟ್ಟೆ. ನಿಜವಾಗಿ ಒಂದು ವಾರ ನಾನು ಮಾಡಿದ್ದು ಹೆಚ್ಚುಕಡಿಮೆ ಅದೇ ಕೆಲಸ.

ಇವತ್ತು ಬೆಳಿಗ್ಗೆ ಸಾಮಾನಿನ ಪಟ್ಟಿ ಬರೆಯಲು ಬೇರೆ ಪೆನ್ನು ಸಿಗದೆ ಅದನ್ನೇ ಎಳೆದೆ. ಅದರ ಹಿಂದೆಯೇ ಹೋದ ವರ್ಷದ ಆ ವಾರವೂ ಎದ್ದು ಬಂತು. ಪಟ್ಟಿ ಅಲ್ಲಿಗೇ ನಿಂತಿತು.

ನಮ್ಮನೆಯವರು ಕನ್ನಡ ಮೇಷ್ಟ್ರು. ಶಿಕಾರಿಪುರದಿಂದ ಸೊರಬದ ಕಡೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ. ಅಲ್ಲಿ ಅರ್ಧ ಮಕ್ಕಳು 'ಐತಿ' ಅನ್ನುವವರು, ಅರ್ಧ ಮಕ್ಕಳು 'ಇದೆ' ಅನ್ನುವವರು. ನಮ್ಮ ಮನೆಯೂ ಹಾಗೆಯೇ. ಅವರು ಬಳ್ಳಿಗಾವಿಯ ಕಡೆಯವರು, ಐತಿ. ನಾನು ಸೊರಬದ ಕಡೆ ಕುಬಟೂರಿನವಳು, ಇದೆ. ನನ್ನ ಓದು ಪಿಯುಸಿಗೇ ನಿಂತಿತು. ಮದುವೆಯ ಮುಹೂರ್ತವೂ ಇಂಗ್ಲಿಷ್ ಪರೀಕ್ಷೆಯೂ ಒಂದೇ ವಾರದಲ್ಲಿ ಬಂದವು. ಶಿವ ಎರಡರಲ್ಲಿ ಒಂದನ್ನಾದರೂ ಪಾಸು ಮಾಡಿಸಿದ.

ಇಂಥದನ್ನು ಎಣಿಸುವುದು ನನಗೆ ಅಭ್ಯಾಸ. ಸಂಜೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು, ಬೆರಳ ಗೆಣ್ಣುಗಳನ್ನು ಮುಟ್ಟುತ್ತ ಆ ದಿನ ಶಿವ ಮಾಡಿದ ಉಪಕಾರಗಳನ್ನು ನೆನೆಯುತ್ತೇನೆ. ಹಾಲು ಉಕ್ಕಲಿಲ್ಲ, ಒಂದು. ಉಕ್ಕಿದರೂ ನೋಡಿದವರು ಯಾರೂ ಇರಲಿಲ್ಲ, ಎರಡು. ಹೀಗೆ.

ಹೋದ ವರ್ಷ ನಮ್ಮನೆಯವರು ಶಿವಮೊಗ್ಗಕ್ಕೆ ಹೋಗಿ ಬಲಗಣ್ಣಿನ ಪೊರೆ ತೆಗೆಸಿಕೊಂಡರು. "ಒಂದು ವಾರ ಕಣ್ಣಿಗೆ ಆಯಾಸ ಕೊಡಬೇಡಿ" ಎಂದರು ಡಾಕ್ಟರು. ಅವರು ಹೇಳಿದ್ದು ಬಲಗಣ್ಣಿಗೆ. ಇವರು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ಎರಡನ್ನೂ ಮುಚ್ಚಿಕೊಂಡರು.

"ಎಡಗಣ್ಣಿಗೆ ಎಂತ ಆಗಿದೆ ರೀ?" ಎಂದೆ.

"ಅದು ನೋಡಿದ್ರೆ ಇದಕ್ಕೂ ನೋಡ್ಬೇಕು ಅನಸ್ತತಿ. ಜೋಡೆತ್ತು ಇದ್ದಂಗೆ. ಒಂದನ್ನ ಕಟ್ಟಿ ಇನ್ನೊಂದನ್ನ ಹೂಡಾಕ ಬರಲ್ಲ."

ಹೀಗಾಗಿ ಆ ಜೋಡೆತ್ತನ್ನು ಕಪ್ಪು ಕನ್ನಡಕದ ಕೊಟ್ಟಿಗೆಯಲ್ಲಿ ಕಟ್ಟಿ, ಕೈ ಹಿಡಿದು ಮನೆಗೆ ಕರೆತಂದೆ. ಸ್ನಾನಕ್ಕೂ ನಾನೇ ದಾರಿ ತೋರಿಸಬೇಕು, ಊಟಕ್ಕೂ ತಟ್ಟೆಯ ಅಂಚಿಗೆ ಅವರ ಕೈ ನಾನೇ ಇಡಬೇಕು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾನು ಅಷ್ಟು ಸಲ ಅವರ ಕೈ ಹಿಡಿದದ್ದಿಲ್ಲ. ಅದನ್ನೂ ಆ ಸಂಜೆ ಒಂದು ಗೆಣ್ಣಿಗೆ ಸೇರಿಸಿದೆ.

ಮಾರನೆಯ ದಿನ ಗೊತ್ತಾಯಿತು, ಅವರ ಚೀಲದಲ್ಲಿ ಒಂಬತ್ತನೇ ತರಗತಿಯ ಮೂವತ್ತೆಂಟು ಹಾಳೆಗಳಿವೆ ಎಂದು. ಮಕ್ಕಳಿಗೆ ಒಂದು ಲೇಖನ ಕೊಡುವುದು, ಅದನ್ನು ಓದಿ ಹತ್ತು ಸಾಲಿನಲ್ಲಿ ಸಾರಾಂಶ ಬರೆಯಿರಿ ಅನ್ನುವುದು, ಅದಕ್ಕೆ ಅಂಕ ಹಾಕುವುದು. ಕಥೆ, ಪದ್ಯ ಅಲ್ಲ. ವಿಷಯ ತಿಳಿಸುವ ಲೇಖನವೇ ಆಗಬೇಕು. ಅಂಕಗಳನ್ನು ಶನಿವಾರದೊಳಗೆ ಕಂಪ್ಯೂಟರಿಗೆ ಏರಿಸಬೇಕು.

"ನೀನು ಓದು, ನಾನು ಕೇಳ್ತೀನಿ, ಹೇಳಿದ ಅಂಕ ಹಾಕು," ಎಂದರು ಮಂಚದ ಮೇಲಿಂದ. "ನಿನಗೇನೂ ಕಷ್ಟ ಇಲ್ಲ."

ಒಂದು ಕೋಷ್ಟಕವೂ ಇತ್ತು. ಅದರಲ್ಲಿ ನಾಲ್ಕು ಮನೆ: ಮುಖ್ಯ ವಿಚಾರ, ಕ್ರಮ, ಸ್ವಂತ ಮಾತು, ಅಳತೆ. ಒಂದೊಂದಕ್ಕೆ ಐದರಂತೆ ಇಪ್ಪತ್ತು ಅಂಕ. ಎಂಟಕ್ಕಿಂತ ಕಡಿಮೆ ಬಂದವರು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೂತು ಪರಿಹಾರ ಬೋಧನೆ ಕೇಳಬೇಕು.

ಲೇಖನ ಭತ್ತದ ಮೇಲೆ. ಅಂಬ್ಲಿಗೊಳ ಅಣೆಕಟ್ಟಿನ ನೀರು ಹರಿಯುವ ಗದ್ದೆಗಳ ಕಡೆ ಓಡಾಡಿದವರು ಯಾರೋ ಬರೆದದ್ದು. ಎರಡು ಪುಟದ ಜೆರಾಕ್ಸು. ಹಿಂದೆ ಮನೆಮನೆಯಲ್ಲಿ ಹತ್ತಾರು ಬಗೆಯ ಭತ್ತದ ಬೀಜ ಇರುತ್ತಿತ್ತು, ಅವಲಕ್ಕಿಗೆ ಒಂದು, ಬಾಣಂತಿಯ ಗಂಜಿಗೆ ಒಂದು; ಈಗ ಎಲ್ಲರೂ ಅಂಗಡಿಯ ಬೀಜ ತರುತ್ತಾರೆ, ಹಳೆಯ ತಳಿಗಳು ಮುಗಿಯುತ್ತ ಬಂದಿವೆ, ಯಾರಾದರೂ ಬೀಜ ಉಳಿಸಬೇಕು, ಎಂದು ಅದರ ತಾತ್ಪರ್ಯ. ನಾನು ಒಂದು ತಳಿಯ ಹೆಸರು ಓದುತ್ತ, "ಇದನ್ನ ನಮ್ಮೂರಲ್ಲಿ ಬೇರೆ ಹೆಸರಲ್ಲಿ ಕರೀತಿದ್ರು" ಎಂದೆ. "ನಿಮ್ಮೂರು ಲೇಖನದಾಗ ಇಲ್ಲ, ಮುಂದಕ್ಕೆ ಓದು" ಎಂದರು.

ಲಿಂಗಪೂಜೆ ಮುಗಿಸಿ, ತಿಂಡಿ ಆದ ಮೇಲೆ ನಮ್ಮ ಪರೀಕ್ಷಾ ಮಂಡಳಿ ಸೇರುತ್ತಿತ್ತು. ಒಬ್ಬ ಹುಡುಗ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಬರೆದು ನಡುವೆ ಚುಕ್ಕಿ ಚುಕ್ಕಿ ಇಟ್ಟಿದ್ದ. ಇನ್ನೊಬ್ಬ ಸಾರಾಂಶದ ಕೊನೆಗೆ ರಜೆ ಚೀಟಿಯಂತೆ 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ' ಎಂದು ಸಹಿ ಮಾಡಿದ್ದ. ಒಬ್ಬಳ ಸಾರಾಂಶ ಲೇಖನಕ್ಕಿಂತ ಉದ್ದ. ನಮ್ಮ ಪಕ್ಕದ ಮನೆಯ ಶಾಂತಕ್ಕ ಅರ್ಧ ಗಂಟೆಯ ಧಾರಾವಾಹಿಯನ್ನು ಒಂದೂವರೆ ಗಂಟೆ ಹೇಳುವುದಿಲ್ಲವೇ, ಆ ಜಾತಿ.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಮಕ್ಕಳ ವಾಕ್ಯ ಕುಂಟುವುದನ್ನು ನನಗೆ ನೋಡಲಾಗಲಿಲ್ಲ. 'ಭತ್ತವನ್ನು ಹಿಂದೆ ಜನರನ್ನು ಬೆಳೆಯುತ್ತಿದ್ದರು' ಎಂದು ಇದ್ದರೆ ನಾಲಿಗೆಗೆ ಬರುವಾಗ ಅದು ತಾನಾಗಿ 'ಭತ್ತವನ್ನು ಹಿಂದೆ ಜನರು ಬೆಳೆಯುತ್ತಿದ್ದರು' ಎಂದಾಗುತ್ತಿತ್ತು. ಕೊನೆಯ ವಾಕ್ಯ ಅರ್ಧಕ್ಕೇ ನಿಂತಿದ್ದರೆ ಅದಕ್ಕೊಂದು ಮುಕ್ತಾಯ ಕೊಡುತ್ತಿದ್ದೆ. ಸಾರಿಗೆ ಉಪ್ಪು ಕಡಿಮೆ ಇದ್ದರೆ ಹಾಕದೆ ಇರಲು ಕೈ ಕೇಳುತ್ತದೆಯೇ?

"ಈ ವರ್ಷ ಹುಡುಗ್ರು ಭಾಳ ಸುಧಾರಿಸ್ಯಾರೆ," ಎಂದು ನಮ್ಮನೆಯವರು ಹಿಗ್ಗಿದರು. ಹದಿನಾಲ್ಕನೆಯ ಹಾಳೆಗೆ ಬಂದಾಗ ಕೈ ಎತ್ತಿದರು. "ನಿಲ್ಲು. 'ಹಿರಿಯರು ಸುಮ್ಮನೆ ಹೇಳಿಲ್ಲ' ಅಂತ ಮೂರು ಹಾಳ್ಯಾಗ ಬಂತು. ಮೂರು ಹುಡುಗ್ರಿಗೂ ಒಂದೇ ಮಾತು ಹೆಂಗೆ ಹೊಳೀತು? ಕಾಪಿ ಹೊಡದಾರೆ. ಮೂವರಿಗೂ ಐದೈದು ಅಂಕ ಕಡಿ."

ಏನೂ ಮಾಡದ ಮಕ್ಕಳಿಗೆ ಶಿಕ್ಷೆ. ಇನ್ನು ಸುಮ್ಮನಿರಲು ಬರುವುದಿಲ್ಲ.

"ಕಾಪಿ ಅಲ್ಲ ರೀ. ಅದು ನಾನು."

"ನೀನು ಏನು?"

"ಸ್ವಲ್ಪ ಒಗ್ಗರಣೆ ಹಾಕ್ದೆ."

ಕಪ್ಪು ಕನ್ನಡಕ ನಿಧಾನವಾಗಿ ನನ್ನ ಕಡೆ ತಿರುಗಿತು. ಕಣ್ಣು ಕಾಣದಿದ್ದರೂ ಆ ನೋಟ ಕಂಡಿತು. "ಮೊದಲಿಂದ ಓದು," ಎಂದರು. "ಹಾಳ್ಯಾಗ ಏನೈತಿ ಅದು. ಹೆಚ್ಚಿಲ್ಲ, ಕಡಿಮಿಲ್ಲ." ವಿಭೂತಿ ಗಟ್ಟಿ ಮುಟ್ಟಿ ಆಣೆ ಮಾಡಿ, ಹದಿನಾಲ್ಕು ಹಾಳೆಯನ್ನೂ ಮೊದಲಿಂದ ಓದಿದೆ. ಮೂವತ್ತೆಂಟು ಹಾಳೆಯೂ ಮುಗಿದ ಮೇಲೆ ಸಿಕ್ಕಿಬೀಳಲಿಲ್ಲವಲ್ಲ, ಅದು ಆ ದಿನದ ಉಪಕಾರ.

ಅಂದ ಹಾಗೆ, ಈ ಸಾರಾಂಶದ ಕೆಲಸ ನನಗೆ ಹೊಸದಲ್ಲ. ಕುಬಟೂರಿನಲ್ಲಿ ನನ್ನ ಅಜ್ಜಿಗೆ ಮಂಡಿನೋವು. ಶ್ರಾವಣದಲ್ಲಿ ಅಯ್ಯನವರ ಪ್ರವಚನಕ್ಕೆ ಹೋಗಲು ಆಗುತ್ತಿರಲಿಲ್ಲ, ಅದಕ್ಕೇ ನನ್ನನ್ನು ಕಳಿಸುತ್ತಿದ್ದಳು. ಬಂದ ಕೂಡಲೇ, ಮೊರದಲ್ಲಿ ಅಕ್ಕಿ ಆರಿಸುತ್ತ ಕೂತವಳು ತಲೆ ಎತ್ತದೆ ಕೇಳುವಳು, "ಎಂತ ಹೇಳಿದ್ರೇ ಅಯ್ನೋರು? ಕೇಳಿದ್ದನ್ನ ಹೇಳು, ಕೇಳದ್ದನ್ನ ಹೇಳ್ಬೇಡ." ಸರಿಯಾಗಿ ಹೇಳಿದರೆ ಒಂದು ಚೂರು ಬೆಲ್ಲ. ಒಂದು ದಿನ ಪ್ರವಚನದಲ್ಲಿ ಕಂಬಕ್ಕೆ ಒರಗಿ ಚೆನ್ನಾಗಿ ನಿದ್ದೆ ಮಾಡಿದೆ. ಬೆಲ್ಲ ಬಿಡಲು ಮನಸ್ಸಿಲ್ಲ. ಶಿವ ಬಡ ಹೆಂಗಸಿನ ಮನೆಗೆ ವೇಷ ಮರೆಸಿ ಬಂದ, ಆಕೆ ಉಪ್ಪಿಟ್ಟು ಮಾಡಿಕೊಟ್ಟಳು, ಅವನು ಮೆಚ್ಚಿದ, ಎಂದು ಹೇಳಿದೆ.

"ಆ ಕಾಲದಲ್ಲಿ ರವೆ ಎಲ್ಲಿತ್ತೇ?"

"ಅಕ್ಕಿ ರವೆ ಅಜ್ಜಿ."

ಅಜ್ಜಿ ಮೊರ ಕೆಳಗಿಟ್ಟು ನಕ್ಕಳು. "ಇದು ಅಯ್ನೋರದ್ದಲ್ಲ, ನಿಂದು. ನಿಂದಕ್ಕೆ ಅರ್ಧ ಚೂರು," ಎಂದು ಕೊಟ್ಟಳು. ಒಗ್ಗರಣೆ ಹಾಕುವ ಚಾಳಿ ಆ ಅರ್ಧ ಚೂರಿನಿಂದಲೇ ಹತ್ತಿತೋ ಏನೋ.

ಇಷ್ಟು ಕಟ್ಟುನಿಟ್ಟಿನ ಅಜ್ಜಿಯೇ ಕೆಲವು ಮಾತುಗಳನ್ನು ಎಂದೂ ಇದ್ದದ್ದು ಇದ್ದ ಹಾಗೆ ಆಡುತ್ತಿರಲಿಲ್ಲ. ಅಜ್ಜನ ಹೆಸರು ಗುರುಬಸಪ್ಪ. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಗುರುವಾರಕ್ಕೆ ಆಕೆ 'ಬುಧವಾರದ ಮಾರನೇ ದಿನ' ಎನ್ನುತ್ತಿದ್ದಳು. ಬಳೆ ಒಡೆದರೆ ಒಡೆಯಿತು ಅನ್ನುವಂತಿಲ್ಲ, ಹೆಚ್ಚಿತು. ದೀಪ ಆರಿಸು ಅನ್ನುವಂತಿಲ್ಲ, ದೊಡ್ಡದು ಮಾಡು. ಅಕ್ಕಿ ಮುಗಿಯಿತು ಎಂದರಂತೂ ಬಾಯಿಗೆ ಪೆಟ್ಟು. ಅಕ್ಕಿ ತುಂಬಿದೆ. ಅನ್ನ ತುಂಬಿದೆ. ಉಪ್ಪು ತುಂಬಿದೆ. "ಇಲ್ಲ ಅಂದ ಬಾಯಿಗೆ ಇಲ್ಲವೇ ಬರ್ತದೆ" ಎನ್ನುವಳು. ಅಕ್ಕಿ ತುಂಬಿದೆ ಎಂದು ಅಜ್ಜಿ ಕೂಗಿದರೆ ಅಪ್ಪ ಚೀಲ ಹಿಡಿದು ಗಿರಣಿಗೆ ಹೊರಡುತ್ತಿದ್ದ.

ಆ ಮಾತು ನನ್ನ ಜೊತೆಗೇ ಶಿಕಾರಿಪುರಕ್ಕೆ ಬಂತು. ಒಮ್ಮೆ ಗ್ಯಾಸಿನ ಅಂಗಡಿಗೆ ಫೋನು ಮಾಡಿ, "ಸಿಲಿಂಡರ್ ತುಂಬಿದೆ, ಬೇಗ ಕಳಿಸಿ" ಎಂದೆ. "ತುಂಬಿದ್ರೆ ನಾವ್ಯಾಕ್ರಿ ಕಳಿಸ್ಬೇಕು?" ಎಂದು ಆ ಹುಡುಗಿ ಫೋನಿಟ್ಟಳು. ನಾಚಿಕೆಯಾಗಿ ಇದನ್ನು ನಮ್ಮನೆಯವರಿಗೆ ಹೇಳಲಿಲ್ಲ. ಹೇಳಿದ್ದರೆ ಮುಂದೆ ಸಾಕ್ಷಿಗಾದರೂ ಒದಗುತ್ತಿತ್ತು.

ಶುಕ್ರವಾರ ಮೂವತ್ತೊಂದನೆಯ ಹಾಳೆ. ಚೈತ್ರಾ ಎಂಬ ಹುಡುಗಿಯದು. ದುಂಡು ಅಕ್ಷರ. ಆಣೆಯಂತೆ ಓದಿದೆ.

'ಹಿಂದೆ ನಮ್ಮ ಕಡೆ ಅವಲಕ್ಕಿಗೆ, ಗಂಜಿಗೆ, ಹಬ್ಬಕ್ಕೆ ಬೇರೆ ಬೇರೆ ಭತ್ತ ಇದ್ದವು. ಈಗ ಎಲ್ಲರೂ ಅಂಗಡಿಯ ಬೀಜ ತರುತ್ತಾರೆ. ಆದ್ದರಿಂದ ಹಳೆಯ ಭತ್ತಗಳು ಎಲ್ಲರ ಮನೆಯಲ್ಲೂ ತುಂಬಿವೆ. ಹೀಗೇ ಆದರೆ ಮುಂದೆ ಬೀಜವೂ ತುಂಬುತ್ತದೆ. ಇದು ಬಹಳ ದುಃಖದ ವಿಷಯ.'

ನಮ್ಮನೆಯವರು ಮಂಚದ ಮೇಲೆ ಎದ್ದು ಕೂತರು. "ತುಂಬಿದ್ರೆ ದುಃಖ ಯಾಕೆ? ಲೇಖನ ಹೇಳಿದ್ದಕ್ಕೆ ಪೂರಾ ಉಲ್ಟಾ. ಓದೇ ಇಲ್ಲ ಆ ಹುಡುಗಿ. ಮುಖ್ಯ ವಿಚಾರ ಸೊನ್ನೆ. ಕ್ರಮ ಎರಡು, ಸ್ವಂತ ಮಾತು ಮೂರು, ಅಳತೆ ಎರಡು. ಎಷ್ಟಾತು?"

"ಏಳು."

"ಪರಿಹಾರ ಬೋಧನೆಗೆ ಬರಕೋ." ಅಷ್ಟು ಹೇಳಿ ಅವರೇ ಉಸಿರು ಬಿಟ್ಟರು. "ಅದಕ್ಕೊಂದು ಫಜೀತಿ. ಈ ಹುಡುಗಿ ಸೊರಬದ ಕಡೆ ಒಳಗಿನ ಹಳ್ಳೇದು. ಸಂಜೆ ಇರೋದು ಒಂದೇ ಬಸ್ಸು. ಬಸ್ ತಪ್ಪೋ ಹಂಗೆ ಕೂಡಿಸ್ಕೊಂಡ್ರೆ ಶಾಲೆ ಬಿಡಸ್ತೀನಿ ಅಂತ ಅದರ ಅಜ್ಜಿ ಹೋದ ಸಲನೇ ಬಂದು ಹೇಳಿ ಹೋಗ್ಯಾಳೆ."

ಅಜ್ಜಿ ಎಂದದ್ದೇ ನನಗೆ ತಲೆಯಲ್ಲಿ ದೀಪ ಹತ್ತಿತು.

"ರೀ, ಅವಳು ಬರೆದದ್ದು ಸರಿಯೇ ಇದೆ. ತುಂಬಿವೆ ಅಂದ್ರೆ ಮುಗ—" ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡೆ. "ಅಂದ್ರೆ, ಇಲ್ಲ ಅಂತ. ಭತ್ತ, ಅಕ್ಕಿ ಇಲ್ಲ ಅನ್ನಬಾರದು ಅಂತ ಹಾಗೆ ಹೇಳ್ತಾರೆ. ಅಜ್ಜಿ ಸಾಕಿದ ಹುಡುಗಿ, ಅಜ್ಜಿ ಮಾತು ಬರೆದಿದೆ."

"ಮತ್ತೆ ಒಗ್ಗರಣೆ."

"ಒಗ್ಗರಣೆ ಅಲ್ಲ ಮಾರಾಯ್ರೆ, ನಮ್ಮ ಕಡೆ ಮಾತೇ ಹಾಗೆ. ನಮ್ಮನೇಲೂ ಹಾಗೇ ಅಲ್ವಾ?"

"ಕುಂಕುಮಕ್ಕೆ, ಬಳಿಗೆ ಏನೋ ಹೇಳ್ತಾರೆ, ಕೇಳೀನಿ. ಅಕ್ಕಿಗೆ? ನಮ್ಮನ್ಯಾಗ ನಾನೊಂದು ದಿನ ಕೇಳಿಲ್ಲ." ಅವರ ದನಿ ಗಡುಸಾಗಲಿಲ್ಲ, ಅದೇ ಕಷ್ಟವಾಯಿತು. "ನೋಡು, ನಂಗೂ ಆ ಹುಡುಗಿ ಬಸ್ಸು ತಪ್ಪಿಸೋ ಆಸೆ ಇಲ್ಲ. ಆದ್ರೆ ಪಾಪ ಅಂತ ಅಂಕ ಹಾಕಾಕ ಬರಲ್ಲ. ನೀನು ಆಗಲೇ ಹದಿನಾಲ್ಕು ಹುಡುಗ್ರನ್ನ ಉದ್ಧಾರ ಮಾಡೀದಿ. ಇನ್ನು ನಿನ್ನ ಮಾತು ಹೆಂಗೆ ನಂಬಲಿ?"

ಹದಿನಾಲ್ಕು ಸಲ ಸುಳ್ಳು ಓದಿದವಳು ಹದಿನೈದನೆಯ ಸಲ ನಿಜ ಹೇಳಿದರೆ ಹೀಗೇ ಆಗುವುದು. ಕೆಂಪು ಪೆನ್ನಿನಲ್ಲಿ ಏಳು ಎಂದು ಬರೆಯಬೇಕು. ಕೈ ಬರಲಿಲ್ಲ. "ಅಡುಗೆಗೆ ಹೊತ್ತಾಯ್ತು, ಆಮೇಲೆ ಬರೀತೀನಿ" ಎಂದು ಪೆನ್ನನ್ನೂ ಹಿಡಿದುಕೊಂಡೇ ಒಳಗೆ ಹೋಗಿ ಸೌಟಿನ ಡಬ್ಬಿಗೆ ಸಿಕ್ಕಿಸಿದೆ. ಪೆನ್ನು ಅಲ್ಲಿಗೆ ಬಂದದ್ದು ಹಾಗೆ.

ಅವತ್ತು ಹುರಳಿಕಟ್ಟಿನ ಸಾರು. ನಮ್ಮನೆಯವರಿಗೆ ಹುರಳಿ ಸಾರೆಂದರೆ ಎರಡು ರೊಟ್ಟಿ ಆದ ಮೇಲೂ ಅನ್ನ ಎರಡು ಸಲ ಬೇಕು. ಹೊಳೆದದ್ದು ಒಲೆಯ ಮುಂದೆಯೇ, ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ. ಪಾತ್ರೆ ಕಂಠದವರೆಗೆ ತುಂಬಿತ್ತು. ಇದು ಮೋಸವಾಗುತ್ತದೆಯೇ ಎಂದು ದೇವರ ಗೂಡಿನ ಕಡೆ ನೋಡಿದೆ. ತುಂಬಿದ್ದನ್ನು ತುಂಬಿದೆ ಎನ್ನುವುದು ಯಾವ ಶಾಸ್ತ್ರದಲ್ಲಿ ಸುಳ್ಳು? ಶಿವನೂ ಬೇಡವೆಂದಂತೆ ಕಾಣಲಿಲ್ಲ.

ತಟ್ಟೆಯ ಅಂಚಿಗೆ ಅವರ ಕೈ ಇಟ್ಟೆ. ರೊಟ್ಟಿ ಆಯಿತು. ಒಂದು ಸಲ ಅನ್ನ ಬಡಿಸಿದೆ, ಸ್ವಲ್ಪವೇ. ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡೇ ಸೊರ್ ಎಂದು ಉಂಡರು.

"ಅನ್ನ ತಾ."

"ಅನ್ನ ತುಂಬಿದೆ ರೀ."

"ಹಂಗಾರೆ ಮಜ್ಜಿಗೆ ಕೊಡು, ಸಾಕು."

ಮಜ್ಜಿಗೆ ಕುಡಿದು, ತಟ್ಟೆಯಲ್ಲೇ ಕೈ ತೊಳೆದರು. ತೊಳೆದವರು ಸುಮ್ಮನಿರಬೇಕಲ್ಲ. "ಒಂದು ಮುಷ್ಟಿ ಅಕ್ಕಿ ಹೆಚ್ಚಿಗೆ ಹಾಕಬಾರದಾ? ಹುರಳಿ ಸಾರು ದಿನಾ ಮಾಡ್ತೀಯೇನು?" ಎಂದು ಗೊಣಗಿದರು.

ನಾನು ಪಾತ್ರೆ ತಂದು ಅವರ ಮುಂದಿಟ್ಟು ಮುಚ್ಚಳ ತೆಗೆದೆ. ಹಬೆ ಮುಖಕ್ಕೆ ಹೊಡೆಯಿತು.

"ಇದೇನು?"

"ಅನ್ನ. ತುಂಬಿದೆ ಅಂತ ಹೇಳಿದ್ನಲ್ಲ. ಪಾತ್ರೆ ತುಂಬ ಇರುವಾಗ ನೀವ್ಯಾಕೆ ಕೈ ತೊಳೆದ್ರಿ?"

ಐದು ದಿನಗಳಲ್ಲಿ ಮೊದಲ ಸಲ ಎಡಗಣ್ಣು ತೆರೆಯಿತು. ಕನ್ನಡಕ ಮೂಗಿನ ತುದಿಗೆ ಸರಿಸಿ ಪಾತ್ರೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪಾತ್ರೆ ನೋಡಿದರು. ಮೂವತ್ತು ವರ್ಷ ಆ ಮಾತು ಕೇಳಿ ಕೇಳಿ ಕೈ ತೊಳೆದವರು. ಕೇಳಿದ್ದು ಕೈಗೆ ಗೊತ್ತಿತ್ತು, ಅವರಿಗೇ ಗೊತ್ತಿರಲಿಲ್ಲ.

"ಬಡಿಸು," ಎಂದರು ಕೊನೆಗೆ.

"ಕೈ ತೊಳೆದಾಗಿದೆ."

"ಮತ್ತೊಮ್ಮೆ ತೊಳೀತೀನಿ. ಬೇರೆ ತಟ್ಟೆ ಹಾಕು."

ಊಟವಾದ ಮೇಲೆ ಅವರೇ ಕೇಳಿದರು, "ಆ ಹಾಳೆ ತಾ." ಎಡಗಣ್ಣನ್ನು ಮತ್ತೆ ಕೊಟ್ಟಿಗೆಗೆ ಕಟ್ಟಿದ್ದರು. ಇನ್ನೊಮ್ಮೆ ಓದಿಸಿಕೊಂಡರು. ಈ ಸಲ ದುಃಖದ ವಿಷಯ ಬಂದಾಗ ಯಾಕೆ ಎಂದು ಕೇಳಲಿಲ್ಲ.

"ಮುಖ್ಯ ವಿಚಾರ ನಾಲ್ಕು."

"ಒಂದು ಯಾಕೆ ಕಡಿಮೆ?"

"ದಾವಣಗೆರೆ ಆಚೆಯವರು ಯಾರಾರ ಓದಿದ್ರೆ ಸುಗ್ಗಿ ಬಂತು ಅನ್ಕೊತಾರೆ. ಸಾರಾಂಶ ಓದೋರು ಎಲ್ಲರೂ ನಿಮ್ಮಜ್ಜಿ ಅಲ್ಲ."

ಗ್ಯಾಸಿನ ಅಂಗಡಿಯ ಹುಡುಗಿ ನೆನಪಾದಳು. ಆ ಒಂದು ಅಂಕಕ್ಕೆ ನಾನು ಜಗಳವಾಡಲಿಲ್ಲ.

"ಕ್ರಮ ಮೂರು. ಅಳತೆ ಎರಡೇ, ಐದು ಸಾಲಿಗೆ ನಿಲ್ಲಿಸ್ಯಾಳೆ. ಸ್ವಂತ ಮಾತು..." ಸ್ವಲ್ಪ ಹೊತ್ತು ಯೋಚಿಸಿದರು. "ಐದಕ್ಕೆ ಐದು. ಮೂವತ್ತು ಹಾಳ್ಯಾಗ ಒಬ್ಬರಾದ್ರೂ ಸ್ವಂತ ಮಾತು ಬರದಿದ್ರೇನು? ಇದೊಂದೇ."

ಹದಿನಾಲ್ಕು. ಬಸ್ಸಿಗೆ ಹೊತ್ತಾಗುವುದಿಲ್ಲ. ಡಬ್ಬಿಯಿಂದ ಪೆನ್ನು ತಂದು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದೆ.

"ಕೆಳಗೆ ಒಂದು ಸಾಲು ಬರಿ. 'ಭತ್ತ ತುಂಬಿದೆ ಎಂದರೆ ಭತ್ತ ಮುಗಿದಿದೆ ಎಂದರ್ಥ. ಇದನ್ನು ಓದುಗರಿಗೆ ಸ್ಪಷ್ಟಪಡಿಸಬೇಕಿತ್ತು.'"

ಪೆನ್ನು ಹಾಳೆಗೆ ಮುಟ್ಟಿಸಿದೆ. 'ಭತ್ತ' ಎಂದು ಬರೆದೆ. ಮುಂದಿನ ಮಾತು ಬರೆಯಬೇಕು, ಅದೂ ಶುಕ್ರವಾರ, ಅದೂ ಕೆಂಪಿನಲ್ಲಿ, ಅದೂ ಬೇರೆಯವರ ಮನೆಯ ಭತ್ತದ ಮೇಲೆ. ಅಜ್ಜಿಯ ಕೈ ನನ್ನ ಬಾಯಿಯ ಹತ್ತಿರ ಬಂದಂತಾಯಿತು. ಕೊನೆಗೆ ಬರೆದದ್ದು ಇಷ್ಟು: 'ಭತ್ತ ತುಂಬಿದೆ ಅಂದರೆ ಎಂತ ಅಂತ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಬರಿ, ಮಗಾ.'

"ಬರದ್ಯಾ?"

"ಬರೆದೆ."

"ನಾ ಹೇಳಿದ್ದೇ ಬರದ್ಯಾ?"

"ಸಾರಾಂಶ ಬರೆದೆ."

ಉಳಿದ ಏಳು ಹಾಳೆಯನ್ನು ಆ ಮಧ್ಯಾಹ್ನವೇ ಓದಿದೆ, ಒಂದಕ್ಕೂ ಒಗ್ಗರಣೆ ಹಾಕಲಿಲ್ಲ. ಪೆನ್ನು ಮತ್ತೆ ಸೌಟಿನ ಡಬ್ಬಿಗೇ ಹೋಯಿತು. ಸಂಜೆ ದೀಪದ ಮುಂದೆ ಕೂತಾಗ ಎಣಿಸಲು ಒಂದು ಕೈಯ ಗೆಣ್ಣುಗಳು ಸಾಲದೆ ಹೋದವು. ಹುಡುಗಿಗೆ ಬಸ್ಸು ಉಳಿಯಿತು. ನನಗೆ ಮಾತು ಉಳಿಯಿತು. ಅನ್ನವೂ ಉಳಿಯಿತು, ಮಾರನೆಯ ದಿನ ಚಿತ್ರಾನ್ನವಾಯಿತು.

ಇವತ್ತು ಬೆಳಿಗ್ಗೆ ಇಷ್ಟೆಲ್ಲ ನೆನೆದುಕೊಂಡು, ಪಟ್ಟಿಯ ಮೊದಲ ಸಾಲಿಗೆ ಆ ಪೆನ್ನು ಹಚ್ಚಿದೆ. ಬರೆಯಲಿಲ್ಲ. ಅಂಗೈಯಲ್ಲಿ ಉಜ್ಜಿದೆ, ಬಾಯಿಂದ ಊದಿದೆ, ಕಾಗದದ ಮೂಲೆಯಲ್ಲಿ ಸುತ್ತಿದೆ. ಬರೀ ಗೀರು.

ನಮ್ಮನೆಯವರು ಹೊರಗೆ ಎರಡೂ ಕಣ್ಣು ಬಿಟ್ಟು ಪೇಪರು ಓದುತ್ತಿದ್ದರು. "ಪಟ್ಟಿ ಆತೇನು? ಪೆನ್ನು ಸಿಕ್ತೇನು?" ಎಂದು ಕೂಗಿದರು.

"ಸಿಕ್ಕಿದೆ ರೀ," ಎಂದೆ. "ತುಂಬಿದೆ."

ಅವರು ಎದ್ದು ಒಳಗೆ ಬಂದು, ಜೇಬಿನಿಂದ ನೀಲಿ ಪೆನ್ನು ತೆಗೆದು, ಪಟ್ಟಿಯ ಪಕ್ಕದಲ್ಲಿಟ್ಟು ಹೋದರು.